ಟಿಡಿಎಸ್ ಮೀಟರಿಗೆ ಫ್ಲೋರೈಡ್ ಕಾಣಿಸುವುದಿಲ್ಲ

ಮಾನ್ಯ ಸಂಪಾದಕರೇ,

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ಮೂರೂ ಜಿಲ್ಲೆಗಳಲ್ಲಿ ಈಗ ಹಳ್ಳಿಮನೆಗಳಲ್ಲೂ ಆರ್‌ಒ ಫಿಲ್ಟರ್ ಗೋಡೆಗೆ ಬಂದು ಕೂತಿದೆ. ಫಿಲ್ಟರ್ ಕೂರಿಸಿದ ಮೇಲೆ ಮೆಕ್ಯಾನಿಕ್ ಜೇಬಿನಿಂದ ಪೆನ್ನಿನಷ್ಟು ಉದ್ದದ ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಲವಣ ಎಷ್ಟೆಂದು ತೋರಿಸುವ ಮೀಟರ್, ತೆಗೆದು ಲೋಟಕ್ಕೆ ಅದ್ದುತ್ತಾರೆ. 40 ಅಂತ ಬಂದರೆ, "ತೀರಾ ಕಮ್ಮಿ ಆಯ್ತು, ಮಿನರಲ್ ಎಲ್ಲ ಹೋಗಿರುತ್ತೆ ಸಾರ್" ಎನ್ನುತ್ತಾ ಒಳಗಿನ ಒಂದು ಪುಟ್ಟ ಸ್ಕ್ರೂ ತಿರುಗಿಸಿ 200ಕ್ಕೋ 250ಕ್ಕೋ ತಂದು ನಿಲ್ಲಿಸುತ್ತಾರೆ. ನೀರಿಗೆ ಬಾಯಿರುಚಿ ಬರುತ್ತದೆ, ಮನೆಯವರಿಗೂ ಸಮಾಧಾನ. ಬೇರೆ ಊರುಗಳಲ್ಲಿ ಹೇಗೋ ಏನೋ, ನಮ್ಮ ಕಡೆಯ ಕೊಳವೆಬಾವಿ ನೀರಿಗೆ ಆ ಸ್ಕ್ರೂ ತಿರುಗಿಸುವುದು ದೊಡ್ಡ ತಪ್ಪು. ಏಕೆಂಬುದನ್ನು ಲೆಕ್ಕ ಸಮೇತ ಹೇಳಲು ಈ ಪತ್ರ.

ಆ ಸ್ಕ್ರೂಗೆ ಟಿಡಿಎಸ್ ಕಂಟ್ರೋಲರ್ ಎನ್ನುತ್ತಾರೆ. ಹೆಸರು ಕೇಳಿದರೆ ಏನೋ ಅಳೆದು ಸರಿಮಾಡುವ ಸಾಧನ ಅನ್ನಿಸುತ್ತದೆ. ನಿಜದಲ್ಲಿ ಅದು ಕಳ್ಳದಾರಿಯ ಬಾಗಿಲು. ನೀರು ಮೊದಲು ಮಣ್ಣು ಹಿಡಿಯುವ ಫಿಲ್ಟರ್, ಕಾರ್ಬನ್ ಫಿಲ್ಟರ್ ದಾಟಿ, ಪಂಪಿನ ಒತ್ತಡದಲ್ಲಿ ಮೆಂಬ್ರೇನ್ ಎಂಬ ತೆಳು ಪೊರೆಯನ್ನು ಹೊಗುತ್ತದೆ. ಕರಗಿದ ಉಪ್ಪುಗಳನ್ನೂ, ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡನ್ನೂ ತಡೆಯುವುದು ಈ ಮೆಂಬ್ರೇನ್ ಒಂದೇ. ಕಂಟ್ರೋಲರ್ ಮಾಡುವುದಿಷ್ಟು: ಮೆಂಬ್ರೇನ್‌ಗೆ ಹೋಗದ ನೀರನ್ನು ಪಕ್ಕದ ಪೈಪಿನಿಂದ ತಂದು ಶುದ್ಧ ನೀರಿಗೆ ಬೆರೆಸುವುದು. ಹಾಗೆ ಬೆರೆತ ನೀರಿನಲ್ಲಿ ಕ್ಯಾಲ್ಸಿಯಂ ಬರುವುದು ಹೌದು. ಅದರ ಬೆನ್ನಿಗೇ ಕೊಳವೆಬಾವಿಯ ಫ್ಲೋರೈಡೂ ಬರುತ್ತದೆ. ಇದು ಬರಲಿ ಅದು ಬೇಡ ಎಂದು ಆರಿಸುವ ಶಕ್ತಿ ಸ್ಕ್ರೂಗೆ ಇಲ್ಲ.

ಇನ್ನು ಮೀಟರ್. ಅದರ ತುದಿಯಲ್ಲಿ ಎರಡು ಲೋಹದ ಕಡ್ಡಿಗಳಿವೆ. ಅವುಗಳ ನಡುವೆ ನೀರಿನಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆಂದು ನೋಡಿ, ಅದನ್ನು ಒಂದು ಅಂದಾಜು ಗುಣಕದಿಂದ ಗುಣಿಸಿ ಸಂಖ್ಯೆ ತೋರಿಸುತ್ತದೆ, ಅಷ್ಟೆ. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ಅದ್ದಿದರೆ ಸಂಖ್ಯೆ ನೂರುಗಟ್ಟಲೆ ಜಿಗಿಯುತ್ತದೆ. ಇನ್ನೊಂದು ಲೋಟಕ್ಕೆ ಎರಡು ಚಮಚ ಸಕ್ಕರೆ ಕದಡಿ ಅದ್ದಿ ನೋಡಿ, ಸಂಖ್ಯೆ ಏರುವುದೇ ಇಲ್ಲ. ಕೀಟನಾಶಕವೂ ಹಾಗೆಯೇ ತಪ್ಪಿಸಿಕೊಳ್ಳುತ್ತದೆ, ರೋಗಾಣುವೂ ಅಷ್ಟೆ. ಫ್ಲೋರೈಡ್ ವಿದ್ಯುತ್ ಹರಿಸುತ್ತದೆ ನಿಜ, ಆದರೆ ಅದರ ಪ್ರಮಾಣ ತೀರಾ ಸಣ್ಣದು. ಲೀಟರಿಗೆ 900 ಮಿಲಿಗ್ರಾಂ ಉಪ್ಪಿರುವ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೇನು, ಇಲ್ಲದಿದ್ದರೇನು, ಮೀಟರಿನ ಕಣ್ಣಿಗೆ ಎರಡೂ ಒಂದೇ. ಆ 3 ಮಿಲಿಗ್ರಾಂ ಮಾತ್ರ ಮಗುವಿನ ಹಲ್ಲು ಕೆಡಿಸಲು ಸಾಕು.

ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ಹಾಕಿರುವ ಗೆರೆ ಇದು: ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಕರಗಿದ ಒಟ್ಟು ಲವಣಕ್ಕೆ, ಅಂದರೆ ಟಿಡಿಎಸ್‌ಗೆ, 500 ಮತ್ತು 2,000. ಎರಡು ಬೇರೆ ಬೇರೆ ಗೆರೆಗಳು. ಒಂದನ್ನು ದಾಟದ ನೀರು ಇನ್ನೊಂದನ್ನು ದಾಟಿರಬಹುದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಎಂದಿತ್ತು. ನೀರು ಪೋಲಾಗುವುದನ್ನು ತಡೆಯಲು ಅದು ಸರಿಯಾದ ಕಾಳಜಿ. ಆದರೆ ಬಾಗೇಪಲ್ಲಿ, ಪಾವಗಡದಂಥ ಕಡೆ ಆ ಒಂದೇ ಸಂಖ್ಯೆ ನೋಡಿ ತೀರ್ಮಾನ ಮಾಡುವಂತಿಲ್ಲ.

ನಮ್ಮ ಮೂರೂ ಜಿಲ್ಲೆಗಳ ಬಹುಪಾಲು ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಆ ಬಂಡೆಯೊಳಗಿನ ಅಪಟೈಟ್, ಬಯೋಟೈಟ್, ಫ್ಲೋರೈಟ್ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಸಾವಿರ ಅಡಿ ದಾಟಿ ಕೊರೆದಾಗ ಸಿಗುವ ನೀರು ಬಂಡೆಯ ಬಿರುಕಿನಲ್ಲಿ ಬಹಳ ಕಾಲ ನಿಂತ ನೀರು. ನಿಂತಷ್ಟೂ ಬಂಡೆಯ ಗುಣ ಹೀರುತ್ತದೆ. ಇದರಲ್ಲಿ ಇನ್ನೊಂದು ಸಂಗತಿ ಇದೆ, ಬಹಳ ಜನ ಎಡವುವುದು ಅಲ್ಲೇ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಅದರೊಂದಿಗೆ ಗಂಟುಬಿದ್ದು ಕರಗದೆ ತಳಕ್ಕಿಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟ್ ಹೆಚ್ಚು ಇರುವ ನೀರಿನಲ್ಲಿ ಅದು ಕರಗಿಯೇ ಉಳಿಯುತ್ತದೆ. ಅಂಥ ನೀರಿನಲ್ಲಿ ಸೋಪು ಚೆನ್ನಾಗಿ ನೊರೆ ಬರುತ್ತದೆ, ತೊಗರಿಬೇಳೆ ಬೇಗ ಬೇಯುತ್ತದೆ, ಪಾತ್ರೆಗೆ ಬಿಳಿ ಕರೆ ಕಟ್ಟುವುದಿಲ್ಲ. ಊರವರು ಅದನ್ನು ಒಳ್ಳೆ ನೀರು ಎನ್ನುತ್ತಾರೆ. ಗಡಸು ನೀರಿಗಿಂತ ಆ ಒಳ್ಳೆ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಂಭವ ಉಂಟು.

ಈಗ ಸ್ಕ್ರೂವಿನ ಲೆಕ್ಕಕ್ಕೆ ಬರೋಣ. ಒಂದು ಮನೆಯ ಕೊಳವೆಬಾವಿ ನೀರಿನ ಟಿಡಿಎಸ್ 900, ಫ್ಲೋರೈಡ್ 3 ಎಂದಿಟ್ಟುಕೊಳ್ಳಿ. ಒಳ್ಳೆಯ ಮೆಂಬ್ರೇನ್ ಅದನ್ನು ಟಿಡಿಎಸ್ 50ಕ್ಕೆ ಇಳಿಸುತ್ತದೆ. ಫ್ಲೋರೈಡ್ ನೂರಕ್ಕೆ ತೊಂಬತ್ತು ಪಾಲು ನಿಂತರೆ 0.3 ಉಳಿಯುತ್ತದೆ. ನಲ್ಲಿಯಲ್ಲಿ 250 ಬರಬೇಕೆಂದು ಸ್ಕ್ರೂ ತಿರುಗಿಸಿದರೆ ನೂರು ಪಾಲಿನಲ್ಲಿ ಸುಮಾರು 24 ಪಾಲು ಕೊಳವೆಬಾವಿ ನೀರು ಬೆರೆಯಬೇಕು. ಆಗ ಲೋಟದ ಫ್ಲೋರೈಡ್ 0.95. ಗೆರೆಯ ಅಂಚಿನಲ್ಲಿದೆ. ಪಕ್ಕದೂರಿನ ಇನ್ನೊಂದು ಮನೆಯಲ್ಲಿ ಅದೇ 3 ಫ್ಲೋರೈಡ್, ಆದರೆ ಟಿಡಿಎಸ್ ಬರೀ 500. ಮೆಂಬ್ರೇನ್‌ನಿಂದ 30 ಬರುತ್ತದೆ. ಅಲ್ಲಿಯೂ 250 ಬೇಕೆಂದರೆ 47 ಪಾಲು ಕೊಳವೆಬಾವಿ ನೀರು ಬೆರೆಸಬೇಕು, ಹೆಚ್ಚುಕಡಿಮೆ ಅರ್ಧಕ್ಕರ್ಧ. ಲೋಟದಲ್ಲಿ ಫ್ಲೋರೈಡ್ 1.57. ಎರಡು ಮನೆಯ ಮೀಟರೂ 250 ಎಂದೇ ತೋರಿಸುತ್ತದೆ. ಎರಡನೆಯ ಮನೆಯವರು ಹತ್ತು ಹದಿನೈದು ಸಾವಿರ ಕೊಟ್ಟು ಫಿಲ್ಟರ್ ಹಾಕಿಸಿ, ಕರೆಂಟು ಸುಟ್ಟು, ಒಂದು ಲೀಟರಿಗೆ ಎರಡು ಮೂರು ಲೀಟರ್ ನೀರು ಚೆಲ್ಲಿ, ಕೊನೆಗೆ ಮಿತಿ ಮೀರಿದ ಫ್ಲೋರೈಡನ್ನೇ ಕುಡಿಯುತ್ತಾರೆ.

ಎಂಟು ವರ್ಷದೊಳಗಿನ ಮಕ್ಕಳಿಗೆ ಇದರ ಪೆಟ್ಟು ಹೆಚ್ಚು. ಕಾಯಂ ಹಲ್ಲುಗಳು ವಸಡಿನೊಳಗೇ ರೂಪುಗೊಳ್ಳುವ ವಯಸ್ಸದು. ಹಲ್ಲು ಹೊರಬಂದಾಗಲೇ ಸೀಮೆಸುಣ್ಣ ಎಳೆದಂಥ ಬಿಳಿ ಗೆರೆಗಳಿರುತ್ತವೆ, ಬರಬರುತ್ತಾ ಅವು ಕಂದು ಕಲೆಯಾಗುತ್ತವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆಂದರೆ ಕಲೆ ಮೇಲೆ ಮೆತ್ತಿಕೊಂಡದ್ದಲ್ಲ, ಎನಾಮಲ್ಲೇ ಹಾಗೆ ಕಟ್ಟಿರುತ್ತದೆ. ಹೆಚ್ಚು ಫ್ಲೋರೈಡ್ ವರ್ಷಗಟ್ಟಲೆ ಮೈಸೇರಿದರೆ ದೊಡ್ಡವರಿಗೆ ಬೆನ್ನು, ಕತ್ತು, ಕೀಲು ಬಿಗಿಯುವುದೂ ಉಂಟು.

"ಹಾಗಾದರೆ ಕಾಯಿಸಿ ಕುಡಿಯೋಣ" ಎನ್ನುವವರಿದ್ದಾರೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಆವಿಯಾಗುವುದಿಲ್ಲ. ನೀರು ಇಂಗಿದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಬಟ್ಟೆ, ಇದ್ದಿಲು, ಯುವಿ ದೀಪ ಇವು ಯಾವುದಕ್ಕೂ ಅದು ಸಿಗುವುದಿಲ್ಲ. ಆಕ್ಟಿವೇಟೆಡ್ ಅಲ್ಯೂಮಿನಾ ಹರಳುಗಳು ಫ್ಲೋರೈಡ್ ಹಿಡಿಯುತ್ತವೆ, ಆದರೆ ಹರಳು ತುಂಬಿದ ಮೇಲೆ ತೊಳೆದು ಮತ್ತೆ ಸಜ್ಜುಗೊಳಿಸದಿದ್ದರೆ ಅವುಗಳ ಮೇಲೆ ಹರಿದ ನೀರು ಹೋದಹಾಗೇ ಬರುತ್ತದೆ. ಮನೆಮಟ್ಟಿಗೆ ಮೆಂಬ್ರೇನೇ ಸುಲಭ.

ಮಿನರಲ್ ಹೋಗುತ್ತದೆ ಎಂಬ ಹೆದರಿಕೆಗೂ ಉತ್ತರ ಹೇಳಬೇಕು. ಲೀಟರಿಗೆ 50 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರನ್ನು ದಿನಕ್ಕೆ ಮೂರು ಲೀಟರ್ ಕುಡಿದರೆ 150 ಮಿಲಿಗ್ರಾಂ ಸಿಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಇದೆ. ಮುದ್ದೆ ಉಣ್ಣುವ ಸೀಮೆಯವರು ಕ್ಯಾಲ್ಸಿಯಂಗಾಗಿ ಕೊಳವೆಬಾವಿಯ ಮುಂದೆ ಕೈಯೊಡ್ಡಬೇಕಾಗಿಲ್ಲ. ರುಚಿಯ ಮಾತು ಬೇರೆ, ಅದು ನಿಜವಾದ ದೂರು. ಮೆಂಬ್ರೇನ್ ನೀರು ಸಪ್ಪೆಯೇ. ಡಿಕಾಕ್ಷನ್ ಇಳಿಸಿದರೆ ಕಾಫಿ ತೆಳ್ಳಗೆ, ಚುರುಕಾಗಿ ಬರುತ್ತದೆ. ಗಡಸು ನೀರಿನಲ್ಲಾದರೆ ಕಪ್ಪಗೆ, ಮಂಕಾಗಿ. ಗಡಸು ನೀರಿನ ಟೀ ಆರುವಾಗ ಮೇಲೆ ಒಡೆದ ಕನ್ನಡಿಯಂತೆ ಪೊರೆ ಕಟ್ಟುವುದೂ ಕ್ಯಾಲ್ಸಿಯಂನಿಂದಲೇ. ಸಪ್ಪೆ ತಾಳಲಾರೆವು ಎನ್ನುವವರು ಸ್ಕ್ರೂ ಮುಟ್ಟದೆ ಮೆಂಬ್ರೇನ್ ಆದಮೇಲೆ ಬರುವ ಪೈಪಿಗೆ ಮಿನರಲ್ ಕಾರ್ಟ್ರಿಜ್ ಹಾಕಿಸಬಹುದು. ಅದು ಶುದ್ಧ ನೀರಿಗೆ ಹೊರಗಿನಿಂದ ಒಂದಿಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸುತ್ತದೆ, ಕೊಳವೆಬಾವಿಯ ನೀರನ್ನು ಕರೆತರುವುದಿಲ್ಲ. ಮಾತು ಟೀಗೆ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಟೀ ಗಿಡ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಡುತ್ತದೆ, ಬಲಿತ ಎಲೆಯಲ್ಲಿ ಇನ್ನೂ ಹೆಚ್ಚು. ಕಾಫಿಗೆ ಆ ಗುಣವಿಲ್ಲ. ಫ್ಲೋರೈಡ್ ಇರುವ ನೀರಿನಲ್ಲಿ ದಿನಕ್ಕೆ ಐದಾರು ಸಲ ಟೀ ಕುದಿಸಿ ಕುಡಿಯುವವರಿಗೆ ಎರಡು ಕಡೆಯಿಂದ ಬೀಳುತ್ತದೆ.

ಕುಡಿಯಲು ಫಿಲ್ಟರ್ ನೀರು, ಅಡುಗೆಗೆ ಬೋರ್ ನೀರು ಎಂಬ ರೂಢಿ ಎಲ್ಲೆಲ್ಲೂ ಇದೆ. ನಮ್ಮ ಅಡುಗೆಗೆ ಇದು ಸಲ್ಲದು. ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟೇ ಅಲ್ಲಿ ಸಾರು. ಎರಡು ಲೀಟರ್ ನೀರಿಟ್ಟು ಬೇಯಿಸಿ ಒಂದೂವರೆ ಲೀಟರ್ ಬಸಿದರೆ, ಆವಿಯಾಗಿ ಹೋದ ಅರ್ಧ ಲೀಟರಿನ ಫ್ಲೋರೈಡ್ ಹೋಗದೆ ಪಾತ್ರೆಯಲ್ಲೇ ಉಳಿಯುತ್ತದೆ. ಮುದ್ದೆಗೆ ಇಟ್ಟ ಎಸರಿನಲ್ಲೂ ಒಂದು ಹನಿ ಚೆಲ್ಲುವುದಿಲ್ಲ, ಅಷ್ಟೂ ಹಿಟ್ಟಿಗೇ ಸೇರುತ್ತದೆ. ಕುಕ್ಕರ್ ಅನ್ನವೂ ಅದೇ. ಆದ್ದರಿಂದ ಸಾರು, ಮುದ್ದೆ, ಅನ್ನ, ಟೀ, ಕಾಫಿ ಎಲ್ಲಕ್ಕೂ ಒಂದೇ ಶುದ್ಧ ನೀರು ಬಳಸಬೇಕು. ಅಕ್ಕಿ, ಸೊಪ್ಪು ತೊಳೆಯಲು ಬೋರ್ ನೀರು ಸಾಕು. ಐದು ಜನರ ಮನೆಗೆ ದಿನಕ್ಕೆ 25 ಲೀಟರ್ ಇದ್ದರೆ ಎರಡೂ ನಡೆಯುತ್ತದೆ, ಮನೆಬಳಕೆಯ ಸಾಮಾನ್ಯ ಮೆಂಬ್ರೇನ್ ಅದನ್ನು ಮೂರು ನಾಲ್ಕು ಗಂಟೆಯಲ್ಲಿ ಕೊಡುತ್ತದೆ.

ಸ್ಕ್ರೂ ಮುಚ್ಚುವುದು ಹೇಗೆ? ಮೊದಲು ಪ್ಲಗ್ ತೆಗೆದು, ನೀರಿನ ವಾಲ್ವ್ ಬಂದ್ ಮಾಡಿ, ಮುಚ್ಚಳ ಬಿಚ್ಚಿ. ಒಂದಡಿ ಉದ್ದದ ಬಿಳಿ ಕೊಳವೆಯೇ ಮೆಂಬ್ರೇನ್ ಮನೆ. ಅದರ ಒಂದು ತುದಿಗೆ ಒಂದು ಪೈಪು ಬರುತ್ತದೆ, ಇನ್ನೊಂದು ತುದಿಯಿಂದ ಎರಡು ಹೊರಡುತ್ತವೆ: ಒಂದು ಶುದ್ಧ ನೀರಿನದು, ಇನ್ನೊಂದು ಫ್ಲೋ ರಿಸ್ಟ್ರಿಕ್ಟರ್ ಎಂಬ ಸಣ್ಣ ತುಂಡಿನ ಮೂಲಕ ಹೊರಗೆ ಚೆಲ್ಲುವುದು. ಶುದ್ಧ ನೀರಿನ ಪೈಪನ್ನು ಬೆರಳಿನಲ್ಲಿ ಹಿಡಿದುಕೊಂಡು ಹೋದರೆ, ಮೆಂಬ್ರೇನ್‌ಗೆ ಮೊದಲೇ ಕವಲೊಡೆದು ಬಂದ ಇನ್ನೊಂದು ಪೈಪು ಅದಕ್ಕೆ ಸೇರುವ ಜಾಗದಲ್ಲಿ ಗುಬುಟಿಯಿರುವ ಚಿಕ್ಕ ವಾಲ್ವ್ ಸಿಗುತ್ತದೆ. ಅದನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಪೂರ್ತಿ ಬಿಗಿಮಾಡಿ. ಟ್ಯಾಂಕಿನ ಹಳೆ ನೀರು ಖಾಲಿಮಾಡಿ, ಹತ್ತು ನಿಮಿಷ ಓಡಿಸಿ, ಮೆಂಬ್ರೇನ್‌ನಿಂದ ನೇರ ಬರುವ ನೀರನ್ನೂ ನಲ್ಲಿಯ ನೀರನ್ನೂ ಅಳೆಯಿರಿ. ಎರಡೂ ಒಂದೇ ಸಂಖ್ಯೆ ಬಂದರೆ ದಾರಿ ಮುಚ್ಚಿದೆ. ನಲ್ಲಿಯಲ್ಲಿ ಹೆಚ್ಚು ಬಂದರೆ ವಾಲ್ವ್ ಸವೆದಿದೆ ಎಂದರ್ಥ. ಅದನ್ನು ತೆಗೆಸಿ ಆ ಕಾಲಿಂಚು ಪೈಪಿನ ಬಾಯಿಗೆ ಬಿರಡೆ ಹಾಕಿಸಿ. ಮಿನರಲ್ ಕಾರ್ಟ್ರಿಜ್ ಇದ್ದರೆ ಅದಕ್ಕೂ ಮೊದಲೇ ಅಳೆಯಬೇಕು, ಇಲ್ಲದಿದ್ದರೆ ಕಾರ್ಟ್ರಿಜ್ ಸೇರಿಸಿದ ಅಂಕಿ ನೋಡಿ ಗಾಬರಿಯಾದೀತು. ವಾರಂಟಿ ಇರುವ ಫಿಲ್ಟರ್ ಆದರೆ ಕಂಪನಿಯ ಮೆಕ್ಯಾನಿಕ್‌ನಿಂದಲೇ ಇಷ್ಟನ್ನೂ ಎದುರಿಗೆ ನಿಂತು ಮಾಡಿಸಿಕೊಳ್ಳಿ.

ಮೀಟರನ್ನು ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಮೆಂಬ್ರೇನ್ ಆರೋಗ್ಯ ನೋಡಲು ಅದಕ್ಕಿಂತ ಒಳ್ಳೆಯ ಸಾಧನ ಮನೆಯಲ್ಲಿ ಇನ್ನೊಂದಿಲ್ಲ. ಒಳಹೋಗುವ ನೀರಿನ ಸಂಖ್ಯೆಯ ನೂರಕ್ಕೆ ಹದಿನೈದನ್ನು ಹೊರಬರುವ ಸಂಖ್ಯೆ ದಾಟಿದರೆ, ಅಂದರೆ 900ರ ನೀರಿಗೆ 135 ಮೀರಿದರೆ, ಮೆಂಬ್ರೇನ್ ಸೋತಿದೆ, ಫ್ಲೋರೈಡ್ ತಡೆಯುವ ಶಕ್ತಿಯೂ ಅದರ ಜೊತೆಗೇ ಇಳಿದಿರುತ್ತದೆ. ರಾತ್ರಿಯೆಲ್ಲ ನಿಂತ ಫಿಲ್ಟರಿನ ಮೊದಲ ನೀರನ್ನು ಮಾತ್ರ ಅಳೆಯಬೇಡಿ. ನಿಂತಾಗ ಉಪ್ಪು ಮೆಲ್ಲಗೆ ಆಚೆ ಬದಿಗೆ ದಾಟಿರುತ್ತದೆ, ಐದು ನಿಮಿಷ ಓಡಿಸಿ ಅಳೆಯಿರಿ. ಮೆಂಬ್ರೇನ್ ಹೇಗೆ ಕೆಟ್ಟಿತೆಂಬುದೂ ತಿಳಿಯುತ್ತದೆ. ದಿನಕ್ಕೆ 75 ಗ್ಯಾಲನ್ ನೀರು ಕೊಡುವ ಹೊಸ ಮೆಂಬ್ರೇನ್ ಒಂದು ಲೀಟರನ್ನು ಐದರಿಂದ ಏಳು ನಿಮಿಷದಲ್ಲಿ ತುಂಬುತ್ತದೆ. ಅದೇ ಲೀಟರಿಗೆ ಹನ್ನೆರಡು ಹದಿನೈದು ನಿಮಿಷ ಹಿಡಿದರೆ ಸುಣ್ಣದ ಕರೆ ಕಟ್ಟಿದೆ. ನೀರು ಮೊದಲಿಗಿಂತ ಜೋರಾಗಿ ಬಂದು ಸಂಖ್ಯೆಯೂ ಏರಿದ್ದರೆ ಕ್ಲೋರಿನ್ ಮೆಂಬ್ರೇನನ್ನು ತಿಂದಿದೆ. ಪಂಚಾಯಿತಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ, ಅದನ್ನು ತಡೆಯಬೇಕಾದ ಕಾರ್ಬನ್ ಫಿಲ್ಟರನ್ನು ಸಕಾಲದಲ್ಲಿ ಬದಲಿಸದಿದ್ದರೆ ಹೀಗಾಗುತ್ತದೆ. ಇನ್ನೂರು ಮುನ್ನೂರರ ಕಾರ್ಬನ್ ಉಳಿಸಲು ಹೋಗಿ ಅದರ ಹಲವು ಪಟ್ಟು ಬೆಲೆಯ ಮೆಂಬ್ರೇನ್ ಕಳೆದುಕೊಳ್ಳುತ್ತೇವೆ. ನೀರು ಪೋಲಾಗುತ್ತದೆಂದು ಚೆಲ್ಲುವ ಪೈಪನ್ನು ಮಡಚಿ ದಾರ ಕಟ್ಟುವವರೂ ಇದ್ದಾರೆ. ಹೊರಹೋಗಬೇಕಾದ ಉಪ್ಪು ಒಳಗೇ ಉಳಿದು ಮೆಂಬ್ರೇನ್ ಮೇಲೆ ಗಟ್ಟಿಯಾಗುತ್ತದೆ, ಮೆಂಬ್ರೇನ್ ಬೇಗ ಕೆಡುತ್ತದೆ.

ಚೆಲ್ಲುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಕಕ್ಕಸಿಗೆ, ಬಚ್ಚಲು ತೊಳೆಯಲು ಬಳಸಿ. ಒಳಗೆ ಹೋದ ನೀರಿನಲ್ಲಿ 3 ಇದ್ದ ಫ್ಲೋರೈಡ್, ಮೂರನೇ ಒಂದು ಪಾಲು ಶುದ್ಧ ನೀರು ತೆಗೆದ ಮೇಲೆ, ಈ ನೀರಿನಲ್ಲಿ 4.3ಕ್ಕೆ ಏರಿರುತ್ತದೆ. ಅದಕ್ಕೇ ದನಗಳಿಗೆ ಕುಡಿಸಬಾರದು. ಹಳ್ಳಿಯ ಶುದ್ಧ ನೀರಿನ ಘಟಕಗಳ ತ್ಯಾಜ್ಯದ ಪೈಪು ದನದ ತೊಟ್ಟಿಗೆ ಬಿಟ್ಟಿದ್ದರೆ ಊರವರೇ ನಿಂತು ತಪ್ಪಿಸಬೇಕು. ದನಗಳ ಹಲ್ಲು, ಮೂಳೆಗೂ ಫ್ಲೋರೈಡ್ ಅದೇ ಕೆಲಸ ಮಾಡುತ್ತದೆ.

ಮನೆಬಾಗಿಲಿಗೆ ಬರುವ ಮಾರಾಟಗಾರರ ಒಂದು ಪ್ರದರ್ಶನದ ಬಗ್ಗೆಯೂ ಓದುಗರಿಗೆ ತಿಳಿದಿರಲಿ. ಎರಡು ಲೋಟಗಳಿಗೆ ಜೋಡಿ ಕಡ್ಡಿ ಇಳಿಸಿ ಕರೆಂಟು ಕೊಡುತ್ತಾರೆ. ನಿಮ್ಮ ಮನೆಯ ನೀರು ತುಕ್ಕುಬಣ್ಣಕ್ಕೆ ತಿರುಗುತ್ತದೆ, ಅವರ ಫಿಲ್ಟರ್ ನೀರು ತಿಳಿಯಾಗಿಯೇ ಇರುತ್ತದೆ. ಆ ಬಣ್ಣ ಕಡ್ಡಿಯ ಕಬ್ಬಿಣ ಕರಗಿ ಬಂದದ್ದು. ಉಪ್ಪಿರುವ ನೀರಿನಲ್ಲಿ ಕರೆಂಟು ಹರಿಯುವುದರಿಂದ ಕಬ್ಬಿಣ ಕರಗುತ್ತದೆ, ಉಪ್ಪು ತೆಗೆದ ನೀರಿನಲ್ಲಿ ಹರಿಯದಿರುವುದರಿಂದ ಕರಗದು. ಅವರ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ತೋರಿಸಿ ಎನ್ನಿ, ಅದೂ ಕಂದಾಗುತ್ತದೆ.

ಫಿಲ್ಟರ್ ಕೊಳ್ಳಲಾಗದವರಿಗೆ ಊರಿನ ಘಟಕವೇ ಗತಿ. ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಕೊಳ್ಳುವ ಆ ನೀರು ಕೂಡ ಮೆಂಬ್ರೇನ್ ನೀರೇ, ಅಲ್ಲಿಯೂ ಬೆರೆಸುವ ವಾಲ್ವ್ ಇರಬಹುದು. ಗ್ರಾಮ ಪಂಚಾಯಿತಿಗಳಿಗೆ ನನ್ನ ಮನವಿ ಇಷ್ಟೆ: ಘಟಕದ ಗೋಡೆಯ ಮೇಲೆ ಕೊಳವೆಬಾವಿ ನೀರಿನ ಫ್ಲೋರೈಡ್, ಕೊಡುವ ನೀರಿನ ಫ್ಲೋರೈಡ್, ಪರೀಕ್ಷೆಯ ದಿನಾಂಕ, ಮೆಂಬ್ರೇನ್ ಬದಲಿಸಿದ ದಿನಾಂಕ ಬರೆಸಿ. ಟಿಡಿಎಸ್ ಒಂದನ್ನೇ ಬರೆದರೆ ಸಾಲದು. ಮನೆ ಫಿಲ್ಟರಿನ ಮೆಕ್ಯಾನಿಕ್‌ಗಳೂ ಸರ್ವಿಸ್ ಚೀಟಿಯಲ್ಲಿ ಒಳನೀರು, ಮೆಂಬ್ರೇನ್ ನೀರು, ನಲ್ಲಿ ನೀರು ಮೂರರ ಸಂಖ್ಯೆಯನ್ನೂ ಬರೆಯಲಿ. ಬರೆದ ಮೇಲೆ ಬೆರೆಸಿದ್ದು ತಾನಾಗಿ ಗೊತ್ತಾಗುತ್ತದೆ. ಸ್ವಂತ ಸೂರು ಇರುವವರಿಗೆ ಇನ್ನೊಂದು ದಾರಿ ಮಳೆನೀರು. ಅದರಲ್ಲಿ ಬಂಡೆಯ ಫ್ಲೋರೈಡ್ ಇರುವುದಿಲ್ಲ. ನೂರು ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದು, ಐದರಲ್ಲೊಂದು ಪಾಲು ನಷ್ಟವಾದರೂ 48,000 ಲೀಟರ್. ಐದು ಸಾವಿರ ಲೀಟರಿನ ಮುಚ್ಚಿದ ತೊಟ್ಟಿ ತುಂಬಿದರೆ ಆರು ತಿಂಗಳಿಗೂ ಹೆಚ್ಚು ಕುಡಿಯಲು, ಅಡುಗೆಗೆ ಸಾಕು. ಮೊದಲ ಮಳೆಯ ಕೊಳೆನೀರು ಆಚೆ ಬಿಟ್ಟು, ಹಿಡಿದ ನೀರನ್ನು ಕಾಯಿಸಿ ಕುಡಿಯಬೇಕು.

ಎಲ್ಲಕ್ಕೂ ಮೊದಲು ನಿಮ್ಮ ನೀರಿನ ಫ್ಲೋರೈಡ್ ಎಷ್ಟೆಂದು ತಿಳಿಯಬೇಕು. ಕ್ಷೇತ್ರ ಪರೀಕ್ಷಾ ಕಿಟ್‌ಗಳಲ್ಲಿ ನೀರಿಗೆ ಹಾಕುವ ದ್ರಾವಣ ಗುಲಾಬಿ ಕೆಂಪಾಗಿ ಉಳಿದರೆ ಫ್ಲೋರೈಡ್ ಕಡಿಮೆ, ಹಳದಿಗೆ ತಿರುಗಿದಷ್ಟೂ ಹೆಚ್ಚು. ದ್ರಾವಣದ ಅವಧಿ ಮುಗಿದಿದ್ದರೆ ಬಣ್ಣವನ್ನು ನಂಬಬೇಡಿ. ನಿಖರ ಸಂಖ್ಯೆ ಬೇಕಾದರೆ ಜಿಲ್ಲಾ ಕೇಂದ್ರದಲ್ಲಿರುವ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಒಯ್ಯಿರಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿಗೆ ಅಂಟಿಕೊಳ್ಳುವುದುಂಟು. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗಳು ಎರಡು ಸಾಕು. ಮೋಟಾರು ಐದು ನಿಮಿಷ ಓಡಿದ ಮೇಲೆ ಅದೇ ನೀರಿನಲ್ಲಿ ಮೂರು ಸಲ ಗಲಗಲಿಸಿ ಚೆಲ್ಲಿ ಒಂದನ್ನು ತುಂಬಿ. ಇನ್ನೊಂದನ್ನು ಹಾಗೆಯೇ ತೊಳೆದು ಫಿಲ್ಟರ್ ನಲ್ಲಿಯಿಂದ ತುಂಬಿ. ಯಾವುದು ಎಲ್ಲಿಯದು, ಯಾವ ದಿನದ್ದು ಎಂದು ಚೀಟಿ ಅಂಟಿಸಿ. ರೋಗಾಣು ಪರೀಕ್ಷೆಯ ನೀರಿನಂತೆ ಇದಕ್ಕೆ ಐಸ್ ಡಬ್ಬಿ, ಗಡಿಬಿಡಿ ಬೇಕಿಲ್ಲ. ಒಂದು ವಾರ ಬಿಟ್ಟು ಸಂತೆಗೆ ಹೋದಾಗ ಚೀಲದಲ್ಲಿಟ್ಟುಕೊಂಡು ಹೋದರೂ ಫ್ಲೋರೈಡ್ ಇದ್ದಷ್ಟೇ ಇರುತ್ತದೆ.

ಇಂತಿ,
ನಿಮ್ಮ ಓದುಗ
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ